‘ಎಸ್‌ಎಸ್‌ 304’ ಎಂದಷ್ಟೇ ಬರೆದರೆ ಸಾಲದು, ‘ಎಲ್‌’ ಅಕ್ಷರವನ್ನೂ ಸೇರಿಸಿ

ಸಂಪಾದಕರಿಗೆ,

ಮಾನ್ಯರೇ,

ಹಾಲಿನ ಟ್ಯಾಂಕು, ಹಾಸ್ಟೆಲಿನ ಸ್ಟೀಮ್‌ ಅಡುಗೆ ಪಾತ್ರೆ, ಔಷಧ ಕಾರ್ಖಾನೆಯ ಪೈಪು, ಕುಡಿಯುವ ನೀರಿನ ಘಟಕ ಯಾವುದೇ ಇರಲಿ, ಟೆಂಡರ್‌ ದಾಖಲೆಯಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು: ‘ವಸ್ತು: ಎಸ್‌ಎಸ್‌ 304’, ಅಂದರೆ 304 ದರ್ಜೆಯ ಸ್ಟೇನ್‌ಲೆಸ್‌ ಸ್ಟೀಲು. ಸ್ಟೇನ್‌ಲೆಸ್‌ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಲ್ಲಿ ಬರೆದ ಸಾಲು ಅದು. ಹಿಡಿದರೆ, ‘ಕಳಪೆ ಮಾಲು ಹಾಕಿದ್ದಾರೆ’ ಎಂಬ ದೂರು. ಹಾಳೆಯ ತುಂಡು ಪ್ರಯೋಗಾಲಯಕ್ಕೆ ಹೋಗುತ್ತದೆ. ಕ್ರೋಮಿಯಂ ಶೇ 18, ನಿಕ್ಕಲ್‌ ಶೇ 8 ಎಂದು ವರದಿ ಬರುತ್ತದೆ. ಮಾಲು ಅಪ್ಪಟ. ಹಾಗಿದ್ದರೂ ಟ್ಯಾಂಕು ವೆಲ್ಡಿನ ಪಕ್ಕದಲ್ಲೇ ಜಿನುಗುತ್ತಿರುತ್ತದೆ. ಅಲ್ಲಿಗೆ ಎರಡೂ ಕಡೆಯವರು ಕೈಚೆಲ್ಲುತ್ತಾರೆ. ಕೆಟ್ಟಿದ್ದು ಉಕ್ಕಿನ ಗಿರಣಿಯಲ್ಲಲ್ಲ, ವೆಲ್ಡಿಂಗ್‌ ಶೆಡ್ಡಿನಲ್ಲಿ ಎಂಬುದನ್ನು ಆ ವರದಿ ಹೇಳುವುದಿಲ್ಲ. ಇದನ್ನು ತಡೆಯಲು ಕೇಳಬೇಕಾದ್ದು ‘304ಎಲ್‌’, ಅಂದರೆ ಕಾರ್ಬನ್‌ ಕಡಿಮೆ ಇರುವ 304.

ಸ್ಟೇನ್‌ಲೆಸ್‌ ಸ್ಟೀಲು ತುಕ್ಕು ಹಿಡಿಯದ ಲೋಹವೇನಲ್ಲ. ಅದರ ಮೇಲೆ ಕೆಲವೇ ನ್ಯಾನೊಮೀಟರ್‌ ದಪ್ಪದ ಕ್ರೋಮಿಯಂ ಆಕ್ಸೈಡಿನ ಪೊರೆ ಇರುತ್ತದೆ. ಗೀಚಿದರೆ ಗಾಳಿಯ ಆಮ್ಲಜನಕ ಸೇರಿ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕೂಡಿಕೊಳ್ಳಲು ಆ ಜಾಗದ ಉಕ್ಕಿನಲ್ಲಿ ಸುಮಾರು ಶೇ 11–12ರಷ್ಟಾದರೂ ಕ್ರೋಮಿಯಂ ಇರಬೇಕು. 304ರಲ್ಲಿ 18 ಇದೆಯಲ್ಲ, ಬೇಕಾದಷ್ಟಾಯಿತು ಎನ್ನಬಹುದು. ಆದರೆ ಆ 18 ಸರಾಸರಿ ಲೆಕ್ಕ. ಕೆರೆಯ ಸರಾಸರಿ ಆಳ ಮೊಣಕಾಲುದ್ದ ಎಂದು ನಂಬಿ ಇಳಿದವನಿಗೆ ಆಗುವುದೇ ಇಲ್ಲೂ ಆಗುತ್ತದೆ.

ಉಕ್ಕಿನ ತುಂಡೊಂದನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಲ್ಲಿ ತುಸು ಕೊರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲೆನಾಡಿನ ಗುಡ್ಡದ ಮೇಲಿಂದ ಕಾಣುವ ಗದ್ದೆಬಯಲಿನಂತೆ ಕಾಣುತ್ತದೆ. ಒಂದೊಂದು ಗದ್ದೆಯೂ ಒಂದು ಹರಳು, ಶೆಡ್ಡಿನ ಭಾಷೆಯಲ್ಲಿ ಗ್ರೇನ್‌. ನಡುವಿನ ಬದುವೇ ಗ್ರೇನ್‌ ಬೌಂಡರಿ. ಹರಳಿನೊಳಗೆ ಪರಮಾಣುಗಳು ಸಾಲು ಹಿಡಿದು ಕೂತಿರುತ್ತವೆ. ಬದುವಿನಲ್ಲಿ ಆ ಶಿಸ್ತು ಇಲ್ಲ. ಹೊಸ ವಸ್ತು ಏನಾದರೂ ಹುಟ್ಟುವುದಿದ್ದರೆ ಮೊದಲು ಅಲ್ಲೇ ಹುಟ್ಟುತ್ತದೆ.

ಹಾಗೆ ಹುಟ್ಟುವುದು ಕ್ರೋಮಿಯಂ ಕಾರ್ಬೈಡ್‌. ಸಾಧಾರಣ 304ರಲ್ಲಿ ಶೇ 0.07–0.08ರವರೆಗೆ ಕಾರ್ಬನ್‌ ಇರಬಹುದು. ಸುಮಾರು 1050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೆಲ್ಲ ಉಕ್ಕಿನಲ್ಲಿ ಕರಗಿರುತ್ತದೆ. ಗಿರಣಿಯವರು ಆ ಬಿಸಿಯಿಂದ ಹಾಳೆಯನ್ನು ಬೇಗ ತಣಿಸಿ, ಕಾರ್ಬನ್‌ ಕರಗಿದ ಸ್ಥಿತಿಯಲ್ಲೇ ಇರುವಂತೆ ನೋಡಿಕೊಂಡು ಕಳುಹಿಸುತ್ತಾರೆ. ಅದೇ ಹಾಳೆ ಮತ್ತೆ 425ರಿಂದ 815 ಡಿಗ್ರಿಯ ನಡುವೆ ಹೊತ್ತು ಕಳೆದರೆ ಕಾರ್ಬನ್‌ ಬದುವಿಗೆ ಓಡಿ ಬಂದು ಕ್ರೋಮಿಯಂ ಜೊತೆ ಕಟ್ಟಿಕೊಳ್ಳುತ್ತದೆ. ಕಾರ್ಬನ್‌ ಪರಮಾಣು ಚಿಕ್ಕದು, ಲೋಹದ ಪರಮಾಣುಗಳ ಸಂದಿಯಲ್ಲಿ ನುಸುಳಿ ಬಹುದೂರದಿಂದ ಬರಬಲ್ಲದು. ಕ್ರೋಮಿಯಂ ದೊಡ್ಡದು, ನಿಧಾನ; ಅಕ್ಕಪಕ್ಕದ್ದಷ್ಟೇ ಬರುತ್ತದೆ. ಹಾಗಾಗಿ ಬದುವಿನ ಎರಡೂ ಮಗ್ಗುಲಿನ ತೀರಾ ಕಿರಿದಾದ ಪಟ್ಟಿಯಲ್ಲಿ ಕ್ರೋಮಿಯಂ ಬರಿದಾಗುತ್ತದೆ. ಇದಕ್ಕೆ ಸೆನ್ಸಿಟೈಸೇಷನ್‌ ಎನ್ನುತ್ತಾರೆ. 1933ರಲ್ಲಿ ಅಮೆರಿಕದ ಬೇನ್‌, ಅಬಾರ್ನ್‌, ರದರ್ಫರ್ಡ್‌ ಎಂಬ ಲೋಹತಜ್ಞರು ಕೊಟ್ಟ ಈ ವಿವರಣೆಯೇ ಇಂದಿಗೂ ನಿಂತಿದೆ.

ಲೆಕ್ಕ ಹಾಕಿ ನೋಡಿದರೆ ಇದರ ಮೋಸ ತಿಳಿಯುತ್ತದೆ. ಈ ಕಾರ್ಬೈಡಿನಲ್ಲಿ 6 ಕಾರ್ಬನ್‌ ಪರಮಾಣುಗಳಿಗೆ 23 ಕ್ರೋಮಿಯಂ ಪರಮಾಣುಗಳು. ತೂಕದಲ್ಲಿ 1 ಗ್ರಾಂ ಕಾರ್ಬನ್‌ ಸುಮಾರು 16.6 ಗ್ರಾಂ ಕ್ರೋಮಿಯಂ ಹಿಡಿಯುತ್ತದೆ. ಶೇ 0.06 ಕಾರ್ಬನ್‌ ಇರುವ ಉಕ್ಕಿನಲ್ಲಿ ಅದಷ್ಟೂ ಕಾರ್ಬೈಡ್‌ ಆದರೂ ಕಟ್ಟಿಹೋಗುವ ಕ್ರೋಮಿಯಂ ಶೇ 1 ಮಾತ್ರ. 18ರಲ್ಲಿ ಉಳಿಯುವುದು 17. ಆ ಒಂದು ಪಾಲು ಹಾಳೆಯ ಎಲ್ಲ ಕಡೆಯಿಂದ ಸಮನಾಗಿ ಹೋಗಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಅಷ್ಟೂ ಬದುವಿನ ಪಕ್ಕದಿಂದಲೇ ಹೋದ್ದರಿಂದ ಅಲ್ಲಿ 12ಕ್ಕಿಂತ ಕೆಳಗಿಳಿಯುತ್ತದೆ. ಇನ್ನು ಪ್ರಯೋಗಾಲಯದ ರಾಸಾಯನಿಕ ವಿಶ್ಲೇಷಣೆ ಅಳೆಯುವುದು ಒಟ್ಟು ಕ್ರೋಮಿಯಂ. ಕಾರ್ಬೈಡಿನಲ್ಲಿ ಸಿಕ್ಕಿಬಿದ್ದದ್ದೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ವರದಿಯಲ್ಲಿ 18 ಎಂದೇ ಬರುತ್ತದೆ. ವರದಿ ಸುಳ್ಳಲ್ಲ, ಪರೀಕ್ಷೆ ತಪ್ಪು.

ಬರಿದಾದ ಪಟ್ಟಿ ಕಿರಿದು, ಗಟ್ಟಿಯಾಗಿ ಉಳಿದ ಹರಳಿನ ಮೇಲ್ಮೈ ಹಿರಿದು. ವಿದ್ಯುತ್‌ ಕೋಶದಂತೆ ಈ ದೊಡ್ಡ ಮೇಲ್ಮೈಯೆಲ್ಲ ಸೇರಿ ಆ ಕಿರಿದಾದ ಪಟ್ಟಿಯನ್ನು ಕರಗಿಸುತ್ತದೆ. ಏಡಿ ಕೊರೆದ ಬದುವಿನಂತೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಹಿಡಿತ ತಪ್ಪಿರುತ್ತದೆ. ಅಲ್ಟ್ರಾಸಾನಿಕ್‌ ಗೇಜ್‌ ಇಟ್ಟರೆ ದಪ್ಪ ಅಷ್ಟೇ ಇದ್ದಂತೆ ತೋರಿಸಬಹುದು. ತೀರಾ ಹದಗೆಟ್ಟ ಹಾಳೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ‘ಠಣ್‌’ ಎನ್ನಬೇಕಾದದ್ದು ಒಡಕು ಮಡಕೆಯಂತೆ ‘ಡಬ್‌’ ಎನ್ನುತ್ತದೆ. ಅದನ್ನು ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಅಂಚನ್ನು ಉಗುರಿನಿಂದ ಕೆರೆದರೆ ಹರಳುಗಳು ಸಕ್ಕರೆಯಂತೆ ಉದುರುತ್ತವೆ. (ವೆಲ್ಡರ್‌ಗಳು ‘ಶುಗರಿಂಗ್‌’ ಎನ್ನುವುದು ಇದಕ್ಕಲ್ಲ. ಪೈಪಿನೊಳಗೆ ಆರ್ಗಾನ್‌ ತುಂಬಿಸದೆ ವೆಲ್ಡ್‌ ಮಾಡಿದಾಗ ರೂಟ್‌ (ವೆಲ್ಡಿನ ಒಳಬದಿ) ಕರಕಲಾಗಿ ಗಂಟುಗಂಟಾಗುವುದಕ್ಕೆ ಆ ಹೆಸರು. ಎರಡೂ ಕೆಟ್ಟದ್ದೇ, ಕಾರಣ ಬೇರೆ.)

ಎಲ್ಲಿ ಹುಡುಕಬೇಕು? ವೆಲ್ಡಿನ ಮೇಲಲ್ಲ. ವೆಲ್ಡ್‌ ಕರಗಿ ಬೇಗ ತಣಿದಿರುತ್ತದೆ. ಅದಕ್ಕೆ ತಾಗಿದ ಅಂಚು ತೀರಾ ಬಿಸಿಯಾಗಿ ತಣಿದಿರುತ್ತದೆ. ಅಲ್ಲಿಂದ ಕೆಲವು ಮಿಲಿಮೀಟರ್‌ ಆಚೆ, 600–700 ಡಿಗ್ರಿಯಲ್ಲಿ ಹೆಚ್ಚು ಹೊತ್ತು ನಿಂತ ಪಟ್ಟಿಯೇ ರೋಗದ ಜಾಗ. ವೆಲ್ಡಿನ ಎರಡೂ ಬದಿಗೆ ಸಮಾನಾಂತರವಾಗಿ ರೈಲು ಹಳಿಯಂತೆ ಎರಡು ಮಂಕು ಗೆರೆ ಕಂಡರೆ ಅದು ‘ವೆಲ್ಡ್‌ ಡಿಕೇ’.

ಬೆಂಕಿಯ ತಪ್ಪುಗಳಲ್ಲಿ ವೆಲ್ಡಿಂಗ್‌ ಒಂದು ಮಾತ್ರ. ಅದಕ್ಕಿಂತ ದೊಡ್ಡವು ಇನ್ನೂ ಮೂರಿವೆ. ಮೊದಲನೆಯದು, ಸೊಟ್ಟಗಾದ ಹಾಳೆಯನ್ನು ನೆಟ್ಟಗೆ ಮಾಡಲು ಗ್ಯಾಸ್‌ ಕಟ್ಟರ್‌ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ನೀರು ಸುರಿಯುವುದು. ಮೈಲ್ಡ್‌ ಸ್ಟೀಲಿಗೆ (ಸಾದಾ ಉಕ್ಕಿಗೆ) ನಡೆಯುವ ಕೈಚಳಕ ಸ್ಟೇನ್‌ಲೆಸ್‌ಗೆ ವಿಷ. ಆ ಮಂಕು ಕೆಂಪು ಬಣ್ಣವೇ 650–700 ಡಿಗ್ರಿಯ ಗುರುತು. ಮೇಲಾಗಿ ಅಸಿಟಿಲೀನ್‌ ಹೆಚ್ಚಾದ ಜ್ವಾಲೆ ಉಕ್ಕಿಗೆ ಕಾರ್ಬನ್ನನ್ನೂ ಸೇರಿಸುತ್ತದೆ. ಎರಡನೆಯದು, ಎಣ್ಣೆ, ಗ್ರೀಸು, ಪೇಂಟಿನ ಗುರುತು ಒರೆಸದೆ ವೆಲ್ಡ್‌ ಮಾಡುವುದು. ಅವು ಸುಟ್ಟು ಕಾರ್ಬನ್‌ ಒಳಗಿಳಿಯುತ್ತದೆ. ಮೂರನೆಯದು ಓದಿದವರೇ ಮಾಡುವ ತಪ್ಪು. ಮೈಲ್ಡ್‌ ಸ್ಟೀಲಿನ ದಪ್ಪ ಪಾತ್ರೆಗೆ 304ರ ನಾಜಲ್‌ (ಕೊಳವೆ ಜೋಡಿಸುವ ಬಾಯಿ) ಅಥವಾ ಒಳಪದರ ಕೂಡಿಸಿ, ಆಮೇಲೆ ಇಡೀ ಪಾತ್ರೆಯನ್ನು ಸ್ಟ್ರೆಸ್‌ ರಿಲೀವಿಂಗ್‌ಗೆಂದು (ವೆಲ್ಡಿನಲ್ಲಿ ಉಳಿದ ಎಳೆತ ತಗ್ಗಿಸಲೆಂದು) ಸುಮಾರು 620 ಡಿಗ್ರಿಯ ಕುಲುಮೆಯಲ್ಲಿ ಗಂಟೆಗಟ್ಟಲೆ ಇಡುವುದು. ಮೈಲ್ಡ್‌ ಸ್ಟೀಲಿಗೆ ಒಳ್ಳೆಯದಾಯಿತು, ಆದರೆ ಸ್ಟೇನ್‌ಲೆಸ್‌ ಭಾಗ ವೆಲ್ಡಿನ ಪಕ್ಕದಲ್ಲಷ್ಟೇ ಅಲ್ಲ, ಪೂರ್ತಿ ಕೆಟ್ಟಿತು. ಇಂಥ ಕಡೆ 304ನ್ನು ಬಳಸಲೇಬಾರದು.

ಹರಳಿನ ಗಡಿ ದುರ್ಬಲವಾದ ಮೇಲೆ ಎಳೆತ ಒದಗಿದರೆ ಕರಗುವಿಕೆ ಬಿರುಕಾಗಿ ಓಡುತ್ತದೆ. ಎಳೆತ ಹೊರಗಿನಿಂದ ಬರಬೇಕಾಗಿಲ್ಲ. 304ರ ಉಷ್ಣವಾಹಕತೆ ಮೈಲ್ಡ್‌ ಸ್ಟೀಲಿನ ಮೂರನೇ ಒಂದು ಪಾಲು, ಹಿಗ್ಗುವಿಕೆ ಒಂದೂವರೆ ಪಟ್ಟು. ಬಿಸಿ ವೆಲ್ಡಿನ ಸುತ್ತಲೇ ನಿಂತು, ತಣಿಯುವಾಗ ಕುಗ್ಗಿ, ಬಲವಾದ ಎಳೆತವನ್ನು ಅಲ್ಲೇ ಬಿಟ್ಟುಹೋಗುತ್ತದೆ.

ಇದಕ್ಕೆ ಆಮ್ಲವೋ ಉಪ್ಪೋ ಬೇಕೇ ಬೇಕು ಎಂದುಕೊಳ್ಳುವವರು ಅಮೆರಿಕದ ಅಣುವಿದ್ಯುತ್‌ ಸ್ಥಾವರಗಳ ಪಾಠವನ್ನು ಗಮನಿಸಬೇಕು. 1974ರಲ್ಲಿ ಇಲಿನಾಯ್‌ ರಾಜ್ಯದ ಡ್ರೆಸ್ಡನ್‌ ಸ್ಥಾವರದಲ್ಲಿ 304 ಉಕ್ಕಿನ 4 ಇಂಚಿನ ಕೊಳವೆಗಳ ವೆಲ್ಡಿನ ಪಕ್ಕದಲ್ಲಿ ಹರಳಿನ ಗಡಿಗುಂಟ ಬಿರುಕು ಕಂಡವು. ದೊಡ್ಡ ಕೊಳವೆಗೆ ಇದರ ಭಯವಿಲ್ಲ ಎಂದುಕೊಂಡಿದ್ದಾಗ 1982ರಲ್ಲಿ ನ್ಯೂಯಾರ್ಕ್‌ ರಾಜ್ಯದ ನೈನ್‌ ಮೈಲ್‌ ಪಾಯಿಂಟ್‌ ಸ್ಥಾವರದ 28 ಇಂಚಿನ ಕೊಳವೆಗಳಲ್ಲೂ ಅದೇ ಕಂಡಿತು. ಒಳಗೆ ಹರಿಯುತ್ತಿದ್ದದ್ದು ಬಹಳ ಶುದ್ಧವಾದ ನೀರು. ಅದು ಸುಮಾರು 288 ಡಿಗ್ರಿ ಬಿಸಿಯಿತ್ತು, ಅದರಲ್ಲಿ ಕರಗಿದ ಆಮ್ಲಜನಕ 0.2 ಪಿಪಿಎಂ (ಹತ್ತು ಲಕ್ಷ ಪಾಲಿಗೆ 0.2 ಪಾಲು) ಆಸುಪಾಸು. ಅಷ್ಟು ಸಾಕಾಯಿತು. ಅವರು ಕಂಡುಕೊಂಡ ಪರಿಹಾರಗಳೂ ಮೂರು ಕಡೆಯಿಂದ ಬಂದವು: ಕಾರ್ಬನ್‌ ತೀರಾ ಕಡಿಮೆಯ 316 ಬಗೆಯ ಕೊಳವೆ ಹಾಕುವುದು, ನೀರಿಗೆ ಹೈಡ್ರೋಜನ್‌ ಬಿಟ್ಟು ಆಮ್ಲಜನಕ ತಗ್ಗಿಸುವುದು, ಒಳಗೆ ನೀರು ಹರಿಯುತ್ತಿರುವಾಗ ಹೊರಗಿನಿಂದ ಇಂಡಕ್ಷನ್‌ ಕಾಯಿಲ್‌ನಲ್ಲಿ ಕಾಯಿಸಿ ಒಳಮೈಯ ಎಳೆತವನ್ನು ಒತ್ತಡವಾಗಿ ತಿರುಗಿಸುವುದು. ಉಕ್ಕು, ನೀರು, ಎಳೆತ ಈ ಮೂರರಲ್ಲಿ ಒಂದನ್ನು ಕಿತ್ತರೂ ಬಿರುಕು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಆ ಬಗೆಯ ಕುದಿನೀರಿನ ರಿಯಾಕ್ಟರ್‌ಗಳಿರುವುದು ತಾರಾಪುರದ ಮೊದಲ ಎರಡು ಘಟಕಗಳಲ್ಲಿ. ಕೈಗಾದ ಭಾರಜಲ ರಿಯಾಕ್ಟರ್‌ಗಳು ಬೇರೆ ಬಗೆಯವು. ಅಲ್ಲಿ ಇಂಧನ ನಾಳಗಳಿಗೆ ಹೋಗಿಬರುವ ಫೀಡರ್‌ ಕೊಳವೆಗಳು ಕಾರ್ಬನ್‌ ಸ್ಟೀಲಿನವು.

ಕರಾವಳಿಯ ಕೈಗಾರಿಕೆಗಳಿಗೆ ಹತ್ತಿರದ್ದು ಇನ್ನೊಂದು. ತೈಲ ಶುದ್ಧೀಕರಣ ಘಟಕದಲ್ಲಿ ಗಂಧಕವಿರುವ ಅನಿಲ ಹರಿಯುವ ಬಿಸಿ ಕೊಳವೆಗಳ ಒಳಮೈಗೆ ಕಬ್ಬಿಣದ ಸಲ್ಫೈಡ್‌ ಪೊರೆ ಕಟ್ಟಿರುತ್ತದೆ. ಘಟಕ ಓಡುತ್ತಿರುವಷ್ಟು ದಿನ ತೊಂದರೆಯಿಲ್ಲ. ರಿಪೇರಿಗೆಂದು ನಿಲ್ಲಿಸಿ ತೆರೆದ ಕೂಡಲೇ ಗಾಳಿ, ತೇವ ಸೇರಿ ಪಾಲಿಥಯಾನಿಕ್‌ ಆಮ್ಲ ಹುಟ್ಟುತ್ತದೆ. ಸೆನ್ಸಿಟೈಸ್‌ ಆದ ಉಕ್ಕು ಗಂಟೆಗಳ ಲೆಕ್ಕದಲ್ಲೇ ಸೀಳಬಹುದು. ಅದಕ್ಕೇ ತೆರೆಯುವ ಮುಂಚೆ ಸುಮಾರು ಶೇ 2ರ ಸೋಡಾ ಆ್ಯಷ್‌ ದ್ರಾವಣದಲ್ಲಿ ಒಳಮೈಯೆಲ್ಲ ನೆನೆಯುವಂತೆ ತೊಳೆಯುತ್ತಾರೆ. ತೊಳೆದದ್ದನ್ನು ನೀರಿನಿಂದ ಜಾಲಾಡದೆ ಕ್ಷಾರದ ಪೊರೆ ಹಾಗೇ ಉಳಿಯಲು ಬಿಡುತ್ತಾರೆ. ತೆರೆಯದ ಭಾಗದಲ್ಲಿ ನೈಟ್ರೋಜನ್‌ ತುಂಬಿಸಿಡುತ್ತಾರೆ. ನಿಂತಾಗ ಕೆಡುವ ಯಂತ್ರ ಇದು.

ಈಗ ಪರಿಹಾರ. ಕೆಟ್ಟ ಉಕ್ಕನ್ನು 1050–1100 ಡಿಗ್ರಿಗೆ ಕಾಯಿಸಿ ನೀರಿನಲ್ಲಿ ತಣಿಸಿದರೆ ಕಾರ್ಬೈಡ್‌ ಕರಗಿ ಮೊದಲಿನಂತಾಗುತ್ತದೆ. ಸಣ್ಣ ವಾಲ್ವು, ಎಲ್ಬೋಗೆ ಸರಿ. 5,000 ಲೀಟರಿನ ಟ್ಯಾಂಕನ್ನು ಆ ಬಿಸಿಗೆ ಏರಿಸಿದರೆ ತನ್ನ ಭಾರಕ್ಕೇ ಕುಸಿದು ಆಕಾರಗೆಡುತ್ತದೆ. ಆದ್ದರಿಂದ ಸುಲಭದ ದಾರಿ, ಖರೀದಿಯಲ್ಲೇ ಕಾರ್ಬನ್‌ ಕಡಿಮೆಯದ್ದನ್ನು ಕೇಳುವುದು. 304ಎಲ್‌, 316ಎಲ್‌ ಎಂಬಲ್ಲಿನ ‘ಎಲ್‌’ ಅಂದರೆ ಕಾರ್ಬನ್‌ ಶೇ 0.03 ಮೀರಬಾರದು. ಶೇ 0.06 ಕಾರ್ಬನ್ನಿನ ಉಕ್ಕು 700 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ನಿಮಿಷ ತಾಳಿದರೆ 0.03ರ ಒಳಗಿನದ್ದು ಗಂಟೆಗಟ್ಟಲೆ ತಾಳುತ್ತದೆ. ಯಾವ ವೆಲ್ಡೂ ಅಷ್ಟು ಹೊತ್ತು ಬಿಸಿಯಾಗಿರುವುದಿಲ್ಲ. ಒಂದು ಕಾಲಕ್ಕೆ ಕಾರ್ಬನ್‌ ಇಳಿಸುವುದು ದುಬಾರಿಯಾಗಿತ್ತು, ನಿಜ. 1960ರ ದಶಕದ ಕೊನೆಯಲ್ಲಿ ಆರ್ಗಾನ್‌ ಮತ್ತು ಆಮ್ಲಜನಕ ಊದಿ ಕಾರ್ಬನ್‌ ತೆಗೆಯುವ ವಿಧಾನ ಗಿರಣಿಗಳಿಗೆ ಬಂದ ಮೇಲೆ ಆ ನೆಪ ಉಳಿದಿಲ್ಲ.

ವಿನ್ಯಾಸಕಾರರ ಆಕ್ಷೇಪವೊಂದಿದೆ, ಅದು ನ್ಯಾಯವಾದದ್ದೇ: 304ರ ಕನಿಷ್ಠ ಯೀಲ್ಡ್‌ ಬಲ (ಶಾಶ್ವತವಾಗಿ ಆಕಾರಗೆಡುವ ಮುನ್ನ ತಾಳುವ ಬಲ) 205 ಎಂಪಿಎ (ಮೆಗಾಪ್ಯಾಸ್ಕಲ್‌), 304ಎಲ್‌ನದು 170. ಹಾಗಾಗಿ ಎಲ್‌ ಹಾಕಿದರೆ ದಪ್ಪ ಹೆಚ್ಚಬೇಕಾಗುತ್ತದೆ. ಇದಕ್ಕೆ ಮಾರುಕಟ್ಟೆಯಲ್ಲೇ ಉತ್ತರವಿದೆ. ಕಾರ್ಬನ್‌ 0.03ರ ಒಳಗೂ ಬಲ 205ರ ಮೇಲೂ ಇರುವ ಹಾಳೆಗೆ ಗಿರಣಿಗಳು ‘304/304ಎಲ್‌’ ಎಂದು ಜೋಡಿ ಪ್ರಮಾಣಪತ್ರ ಕೊಡುತ್ತವೆ. ಅದನ್ನು ಕೇಳಿ.

ಟೈಟಾನಿಯಂ ಬೆರೆಸಿದ 321, ನಿಯೋಬಿಯಂ ಬೆರೆಸಿದ 347 ಇನ್ನೊಂದು ದಾರಿ. ಇವು ಕಾರ್ಬನ್ನನ್ನು ತಾವೇ ಹಿಡಿದುಕೊಂಡು ಕ್ರೋಮಿಯಂ ಅನ್ನು ಬಿಟ್ಟುಕೊಡುತ್ತವೆ. ಬಿಸಿಯಲ್ಲೇ ಸದಾ ಓಡುವ ಕೊಳವೆಗಳಿಗೆ ಇವೇ ಒಳ್ಳೆಯದು. ಆದರೆ 321ಕ್ಕೆ 321ರದೇ ವೆಲ್ಡಿಂಗ್‌ ರಾಡು ಹುಡುಕಬೇಡಿ. ಆರ್ಕ್‌ನಲ್ಲಿ ಟೈಟಾನಿಯಂ ಸುಟ್ಟುಹೋಗುತ್ತದೆ, 347ರ ರಾಡು ಬಳಸಬೇಕು. ಇವೂ ಪೂರ್ತಿ ನಿಶ್ಚಿಂತೆ ಅಲ್ಲ. ವೆಲ್ಡಿಗೆ ಅಂಟಿದಂತೆ, ಚಾಕುವಿನ ಗೆರೆಯಷ್ಟು ಸಪೂರ ಜಾಗದಲ್ಲಿ ಟೈಟಾನಿಯಂ ಕಾರ್ಬೈಡೇ ಕರಗಿಬಿಟ್ಟಿರುತ್ತದೆ. ಅದೇ ಜಾಗ ಮತ್ತೆ 600–700 ಡಿಗ್ರಿಗೆ ಬಿಸಿಯಾದರೆ ಕ್ರೋಮಿಯಂ ಕಾರ್ಬೈಡ್‌ ಮೊದಲು ಕೂಡಿಕೊಂಡು ‘ನೈಫ್‌ ಲೈನ್‌’ ಸವೆತ ಶುರುವಾಗುತ್ತದೆ.

ಇಷ್ಟು ಹೇಳಿದ್ದು 304, 316, 321ರಂಥ 300 ಸರಣಿಗೆ. ಮ್ಯಾಗ್ನೆಟ್‌ ಹಿಡಿಯುವ 430ರಂಥ ಫೆರಿಟಿಕ್‌ ಉಕ್ಕಿನಲ್ಲಿ ನಿಯಮ ತಲೆಕೆಳಗು. ಅದು ಸುಮಾರು 925 ಡಿಗ್ರಿಯ ಮೇಲಿನಿಂದ ತಣಿಯುವಾಗ ಸೆನ್ಸಿಟೈಸ್‌ ಆಗುತ್ತದೆ, ಎಷ್ಟು ಬೇಗ ತಣಿಸಿದರೂ ತಪ್ಪಿಸುವುದು ಕಷ್ಟ. ಅದನ್ನು ಸರಿಪಡಿಸಲು 800 ಡಿಗ್ರಿಯ ಒಳಗೆ ಮತ್ತೆ ಕಾಯಿಸಬೇಕು. 304ರ ಔಷಧಿ 430ಕ್ಕೆ ಕೊಟ್ಟರೆ ರೋಗ ಹೆಚ್ಚುತ್ತದೆ.

ವೆಲ್ಡಿಂಗ್‌ ಶೆಡ್ಡಿನಲ್ಲಿ ಏನು ನೋಡಬೇಕು? ಟಿಗ್‌ ವೆಲ್ಡಿಂಗಿನಲ್ಲಿ (ಟಂಗ್‌ಸ್ಟನ್‌ ಕಡ್ಡಿ, ಆರ್ಗಾನ್‌ ಅನಿಲ ಬಳಸುವ ವೆಲ್ಡಿಂಗ್‌) 12 ವೋಲ್ಟ್‌, 100 ಆಂಪಿಯರ್‌, ನಿಮಿಷಕ್ಕೆ 80 ಮಿ.ಮೀ. ವೇಗ ಎಂದುಕೊಳ್ಳಿ. ವೋಲ್ಟನ್ನು ಆಂಪಿಯರಿನಿಂದಲೂ 60ರಿಂದಲೂ ಗುಣಿಸಿ, ವೇಗದಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಿದರೆ ಪ್ರತಿ ಮಿ.ಮೀ. ವೆಲ್ಡಿಗೆ ಇಳಿಯುವ ಶಾಖ 0.9 ಕಿಲೊಜೌಲ್‌. ಒಳ್ಳೆಯದು. ಅದೇ ವೆಲ್ಡರ್‌ ಚೆಂದ ಕಾಣಲೆಂದು ಟಾರ್ಚನ್ನು ಅತ್ತಿತ್ತ ತೂಗಿಸುತ್ತಾ ನಿಮಿಷಕ್ಕೆ 40 ಮಿ.ಮೀ. ಹೋದರೆ 1.8. ಮೀನಿನ ಹುರುಪೆಯಂತೆ ಅಗಲವಾಗಿ ಮಿನುಗುವ ಬೀಡು (ವೆಲ್ಡಿನ ಸಾಲು) ನೋಡಲು ಸೊಗಸು, ಪಕ್ಕದ ಲೋಹಕ್ಕೆ ಹಾನಿ. ನೇರವಾದ ಸಣ್ಣ ಬೀಡುಗಳೇ ಸರಿ. ಒಂದು ಪಾಸಿನ (ಒಂದು ಸಲ ಹಾಕಿದ ವೆಲ್ಡಿನ) ಮೇಲೆ ಇನ್ನೊಂದು ಹಾಕುವ ಮುನ್ನ ಜಾಗ 150 ಡಿಗ್ರಿಗಿಂತ ಕೆಳಗಿಳಿದಿರಬೇಕು. ಇದನ್ನು ಇನ್‌ಫ್ರಾರೆಡ್‌ ಗನ್‌ನಿಂದ ನೋಡುವ ಅಭ್ಯಾಸ ಬಂದಿದೆ. ಹೊಳೆಯುವ ಸ್ಟೀಲು ತನ್ನ ಶಾಖವನ್ನು ಸರಿಯಾಗಿ ಹೊರಸೂಸುವುದಿಲ್ಲವಾದ್ದರಿಂದ ಗನ್‌ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್‌ ಚಾಕೋ, ತಾಗಿಸುವ ಥರ್ಮಾಮೀಟರೋ ಬೇಕು. 304ಎಲ್‌ಗೆ 308ಎಲ್‌ ಫಿಲ್ಲರ್‌ (ವೆಲ್ಡಿನಲ್ಲಿ ಕರಗಿಸಿ ತುಂಬುವ ತಂತಿ), 316ಎಲ್‌ಗೆ 316ಎಲ್‌. ಎಲ್‌ ಹಾಳೆ ತಂದು ಎಲ್‌ ಅಲ್ಲದ ಫಿಲ್ಲರ್‌ ಹಾಕಿದರೆ ಕೊಟ್ಟ ದುಡ್ಡು ಅಲ್ಲೇ ಸೋರಿತು. ಆಹಾರದ ಪೈಪಿನೊಳಗೆ ಆರ್ಗಾನ್‌ ತುಂಬಿಸಿ ಆಮ್ಲಜನಕ 50 ಪಿಪಿಎಂಗಿಂತ ಕೆಳಗೆ ಬಂದ ಮೇಲೆ ಆರ್ಕ್‌ ಹಚ್ಚಬೇಕು.

1–2 ಮಿ.ಮೀ. ಹಾಳೆಯನ್ನು ಒಂದೇ ಪಾಸಿನಲ್ಲಿ ಬೇಗ ವೆಲ್ಡ್‌ ಮಾಡಿದರೆ ಸಾದಾ 304ರಲ್ಲೂ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ತಣಿಯುವುದು ಅಷ್ಟು ಬೇಗ. ದಪ್ಪ 5–6 ಮಿ.ಮೀ. ದಾಟಿದ ಮೇಲೆ, ಅಥವಾ ಒಂದೇ ಜಾಗವನ್ನು ಎರಡು ಮೂರು ಸಲ ಕೆರೆದು ರಿಪೇರಿ ವೆಲ್ಡ್‌ ಹಾಕಿದಾಗ ಎಲ್‌ ಇಲ್ಲದೆ ಮುಟ್ಟಬಾರದು.

ವೆಲ್ಡ್‌ ಆದ ಮೇಲಿನ ಹಳದಿ, ನೀಲಿ ಬಣ್ಣವನ್ನು ತೆಗೆಯಲೇಬೇಕು. ಅದಕ್ಕೆ ಹಚ್ಚುವ ಪಿಕ್ಲಿಂಗ್‌ ಪೇಸ್ಟಿನಲ್ಲಿ ನೈಟ್ರಿಕ್‌ ಆಮ್ಲದ ಜೊತೆ ಹೈಡ್ರೋಫ್ಲೂರಿಕ್‌ ಆಮ್ಲವಿದೆ. ಅದು ಚರ್ಮದ ಮೂಲಕ ಮೂಳೆಯವರೆಗೆ ಇಳಿಯುತ್ತದೆ, ಮೊದಲಿಗೆ ನೋವೂ ಗೊತ್ತಾಗದಿರಬಹುದು. ಕೆಲಸದ ಜಾಗದಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್‌ ಜೆಲ್‌ ಇಲ್ಲದಿದ್ದರೆ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಇನ್ನು, ‘ಪಿಕ್ಲಿಂಗ್‌, ಪ್ಯಾಸಿವೇಷನ್‌ (ಆಮ್ಲದಲ್ಲಿ ತೊಳೆದು ಪೊರೆ ಕೂಡಿಸುವುದು) ಮಾಡಿದ್ದೇವೆ, ಸರಿಹೋಯಿತು’ ಎನ್ನುವವರ ಮಾತು ನಂಬಬೇಡಿ. ಮೇಲಿನ ಕೊಳೆ ಹೋಗುತ್ತದೆ, ಬದುವಿನಲ್ಲಿ ಕಳೆದ ಕ್ರೋಮಿಯಂ ವಾಪಸು ಬರುವುದಿಲ್ಲ. ಸೆನ್ಸಿಟೈಸ್‌ ಆದ ಉಕ್ಕಿಗೆ ಆ ಪೇಸ್ಟೇ ಹರಳಿನ ಗಡಿ ಕೊರೆಯುವ ಆಮ್ಲ.

ಪರೀಕ್ಷೆಯ ವಿಷಯದಲ್ಲಿ ಬಹಳ ಗೊಂದಲವಿದೆ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್‌ ಗನ್‌ (ಎಕ್ಸ್‌ ಕಿರಣದಿಂದ ಲೋಹ ಗುರುತಿಸುವ ಯಂತ್ರ) ತೋರಿಸಿ ‘304ಎಲ್‌ ಹೌದು’ ಎಂದರೆ ಒಪ್ಪಬೇಡಿ. ಆ ಯಂತ್ರಕ್ಕೆ ಕಾರ್ಬನ್‌ ಕಾಣುವುದೇ ಇಲ್ಲ. 304 ಮತ್ತು 304ಎಲ್‌ ನಡುವಿನ ಮುಖ್ಯ ವ್ಯತ್ಯಾಸವೇ ಕಾರ್ಬನ್‌. ಅದಕ್ಕೆ ಕಿಡಿ ಹಾರಿಸಿ ಅಳೆಯುವ ಸ್ಪೆಕ್ಟ್ರೋಮೀಟರ್‌ ಬೇಕು. ಹಾಳೆಯ ಮೇಲೆ ಅಚ್ಚಾದ ಹೀಟ್‌ ನಂಬರ್‌ (ಆ ಉಕ್ಕು ಕರಗಿಸಿದ ಕಂತಿನ ಸಂಖ್ಯೆ) ಗಿರಣಿಯ ಪ್ರಮಾಣಪತ್ರದ ನಂಬರಿಗೆ ತಾಳೆಯಾಗಬೇಕು. ಮ್ಯಾಗ್ನೆಟ್‌ ಹಿಡಿಯದಿದ್ದರೆ ಅಪ್ಪಟ 304 ಎಂಬ ಪರೀಕ್ಷೆಯಂತೂ ಸಂತೆಯ ಮಾತು. ನಿಕ್ಕಲ್‌ ಕಡಿಮೆ ಮಾಡಿ ಮ್ಯಾಂಗನೀಸ್‌ ತುಂಬಿದ 200 ಸರಣಿಯ ಅಗ್ಗದ ಹಾಳೆಗೂ ಮ್ಯಾಗ್ನೆಟ್‌ ಹಿಡಿಯುವುದಿಲ್ಲ. ಬಗ್ಗಿಸಿದ ಅಪ್ಪಟ 304ರ ಅಂಚಿಗೆ ತುಸು ಹಿಡಿಯುತ್ತದೆ.

ಉಕ್ಕು ಸೆನ್ಸಿಟೈಸ್‌ ಆಗಿದೆಯೇ ಎಂದು ತಿಳಿಯಲು ಎಎಸ್‌ಟಿಎಂ ಎ262 ಎಂಬ ಅಮೆರಿಕದ ಮಾನದಂಡವಿದೆ; ಭಾರತದ್ದು ಐಎಸ್‌ 10461. ಎ262ರಲ್ಲಿ ಮೊದಲ ಜರಡಿ ಆಕ್ಸಾಲಿಕ್‌ ಆಮ್ಲದ್ದು. 100 ಗ್ರಾಂ ಆಕ್ಸಾಲಿಕ್‌ ಆಮ್ಲದ ಹರಳನ್ನು 900 ಮಿ.ಲೀ. ನೀರಿನಲ್ಲಿ ಕರಗಿಸಿ, ಉಜ್ಜಿದ ತುಂಡನ್ನು ಧನ ಧ್ರುವಕ್ಕೆ ಕಟ್ಟಿ, ಚದರ ಸೆಂ.ಮೀ.ಗೆ 1 ಆಂಪಿಯರ್‌ನಂತೆ ಒಂದೂವರೆ ನಿಮಿಷ ವಿದ್ಯುತ್‌ ಹರಿಸಬೇಕು. ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹರಳುಗಳ ನಡುವೆ ಬರೀ ಮೆಟ್ಟಿಲು ಕಂಡರೆ ಉಕ್ಕು ಚೆನ್ನಾಗಿದೆ. ಅಲ್ಲಲ್ಲಿ ಚರಂಡಿ ಇದ್ದರೂ ಯಾವ ಹರಳನ್ನೂ ಪೂರ್ತಿ ಸುತ್ತಿರದಿದ್ದರೆ ಮಿಶ್ರ ರಚನೆ. ಸಾಮಾನ್ಯವಾಗಿ ಅದನ್ನೂ ಒಪ್ಪುತ್ತಾರೆ. ಒಂದು ಹರಳಾದರೂ ಚರಂಡಿಯಿಂದ ಸುತ್ತುವರಿದಿದ್ದರೆ ಅನುಮಾನ. ಈ ಪರೀಕ್ಷೆಯಿಂದ ಪಾಸು ಮಾಡಬಹುದು, ಫೇಲು ಮಾಡುವಂತಿಲ್ಲ. ಅನುಮಾನದ ತುಂಡು ಮುಂದಿನ ಪರೀಕ್ಷೆಗೆ ಹೋಗಬೇಕು.

ಆ ಮುಂದಿನದ್ದು ಬಹಳ ಕಡೆ ಎ262ರದೇ ‘ಪ್ರಾಕ್ಟೀಸ್‌ ಇ’ ಎಂಬ ವಿಧಾನ. 100 ಗ್ರಾಂ ಮೈಲುತುತ್ತವನ್ನು 700 ಮಿ.ಲೀ. ನೀರಿನಲ್ಲಿ ಕರಗಿಸಿ, ನಿಧಾನವಾಗಿ 100 ಮಿ.ಲೀ. ಗಂಧಕಾಮ್ಲ ಸೇರಿಸಿ, ಒಟ್ಟು 1 ಲೀಟರ್‌ ಮಾಡಿ, ತುಂಡನ್ನು ತಾಮ್ರದ ಚೂರುಗಳ ನಡುವೆ ಹೂತು 15 ಗಂಟೆ ಕುದಿಸುತ್ತಾರೆ. ಆಮೇಲೆ ಅದರದೇ ದಪ್ಪದಷ್ಟು ವ್ಯಾಸದ ಸರಳಿನ ಸುತ್ತ 180 ಡಿಗ್ರಿ ಬಗ್ಗಿಸಿ, ಹೊರಮೈಯನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಬಿರುಕಿದ್ದರೆ ತಿರಸ್ಕಾರ. ಎಲ್‌ ದರ್ಜೆಯನ್ನು ಪರೀಕ್ಷಿಸುವುದಾದರೆ ಮೊದಲು 650–675 ಡಿಗ್ರಿಯಲ್ಲಿ, ಸಾಮಾನ್ಯವಾಗಿ 675ರಲ್ಲಿ 1 ಗಂಟೆ, ಬೇಕೆಂದೇ ಕಾಯಿಸಿ ಆಮೇಲೆ ಪರೀಕ್ಷೆಗೆ ಹಾಕುತ್ತಾರೆ. ವರದಿಯಲ್ಲಿ ಆ ಕಾಯಿಸಿದ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಆ ‘ಪಾಸು’ ಎಲ್‌ ಎಂಬುದಕ್ಕೆ ಸಾಕ್ಷಿಯಲ್ಲ. ಯೂರಿಯಾ, ನೈಟ್ರಿಕ್‌ ಆಮ್ಲದ ಘಟಕಗಳಿಗೆ ಬೇಕಾದದ್ದು ಇನ್ನೂ ಕಠಿಣವಾದ ಹ್ಯೂಯಿ ಪರೀಕ್ಷೆ: ಶೇ 65ರ ನೈಟ್ರಿಕ್‌ ಆಮ್ಲದಲ್ಲಿ 48 ಗಂಟೆಯಂತೆ ಐದು ಸಲ ಕುದಿಸಿ, ಪ್ರತಿ ಸಲ ಹೊಸ ಆಮ್ಲ ಹಾಕಿ, ಕಳೆದ ತೂಕ ನೋಡುವುದು.

ಕಂದು ಕಲೆ ಕಂಡಲ್ಲೆಲ್ಲ ಈ ರೋಗ ಎಂದು ಗಾಬರಿಯಾಗಬೇಕಿಲ್ಲ. ಒಂದೇ ಶೆಡ್ಡಿನಲ್ಲಿ ಮೈಲ್ಡ್‌ ಸ್ಟೀಲು ಗ್ರೈಂಡ್‌ ಮಾಡಿದಾಗ ಹಾರಿದ ಕಿಡಿ, ಮೈಲ್ಡ್‌ ಸ್ಟೀಲಿಗೆ ಬಳಸಿದ ತಂತಿಬ್ರಷ್ಷು, ಇವು ಸ್ಟೇನ್‌ಲೆಸ್‌ ಮೇಲೆ ಕಬ್ಬಿಣದ ಪುಡಿ ಅಂಟಿಸುತ್ತವೆ. ತುಕ್ಕು ಹಿಡಿಯುವುದು ಆ ಪುಡಿಗೆ. ಆಹಾರ ತಾಗದ ಜಾಗದಲ್ಲಾದರೆ 250 ಮಿ.ಲೀ. ನೀರು, 4 ಗ್ರಾಂ ಮೈಲುತುತ್ತ, 1 ಮಿ.ಲೀ. ಗಂಧಕಾಮ್ಲದ ದ್ರಾವಣವನ್ನು ಹಚ್ಚಿ 6 ನಿಮಿಷ ಒದ್ದೆಯಾಗಿಟ್ಟರೆ ಕಬ್ಬಿಣವಿದ್ದಲ್ಲಿ ತಾಮ್ರದ ಕೆಂಪು ಕೂರುತ್ತದೆ. ಹಾಲಿನ ಟ್ಯಾಂಕಿಗೆ ಇದನ್ನು ಹಚ್ಚಬಾರದು. ಮನೆಯ ಪಾತ್ರೆ ಸೀದು ಕಾಮನಬಿಲ್ಲಿನ ಬಣ್ಣ ಬಂದರೆ ಅದು ಪೊರೆ ದಪ್ಪವಾದದ್ದು, ಎಸೆಯಬೇಕಿಲ್ಲ. ತಣ್ಣೀರಿಗೇ ಉಪ್ಪು ಹಾಕಿ ಒಲೆಯ ಮೇಲಿಟ್ಟಾಗ ತಳದಲ್ಲಿ ಬೀಳುವ ಚುಕ್ಕೆಗಳು ಉಪ್ಪಿನ ಕ್ಲೋರೈಡ್‌ ಕೊರೆದ ಗುಳಿಗಳು. ಅದು ಬೇರೆ ರೋಗ, ಎಲ್‌ ಅಕ್ಷರ ಅದನ್ನು ತಡೆಯುವುದಿಲ್ಲ. ಉಪ್ಪಿನಕಾಯಿ, ಹುಣಸೆ ಗೊಜ್ಜಿನ ಘಟಕದವರು 316ಎಲ್‌ ಕೇಳುವುದು ಅದರ ಮಾಲಿಬ್ಡಿನಂಗಾಗಿ.

ಆದ್ದರಿಂದ ಟೆಂಡರ್‌ ಬರೆಯುವವರಲ್ಲಿ ನಮ್ಮ ಕೋರಿಕೆ ಇಷ್ಟು. ‘ಎಸ್‌ಎಸ್‌ 304’ ಎಂಬ ಸಾಲಿನ ಬದಲು, ವೆಲ್ಡ್‌ ಆಗುವ ಎಲ್ಲ ಭಾಗಗಳೂ 304ಎಲ್‌ ಅಥವಾ 304/304ಎಲ್‌ ಜೋಡಿ ಪ್ರಮಾಣಪತ್ರದ್ದಾಗಿರಬೇಕು, ಹೀಟ್‌ ನಂಬರ್‌ ತಾಳೆಯಾಗಬೇಕು, ಕಾರ್ಬನ್‌ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದಿರಬೇಕು, ಫಿಲ್ಲರ್‌ 308ಎಲ್‌ ಇರಬೇಕು, ಪಾಸುಗಳ ನಡುವೆ 150 ಡಿಗ್ರಿ ಮೀರಬಾರದು, ಜ್ವಾಲೆಯಲ್ಲಿ ನೆಟ್ಟಗೆ ಮಾಡಕೂಡದು ಎಂದು ಬರೆಯಿರಿ. ಟ್ಯಾಂಕಿನ ಹಾಳೆಯಿಂದಲೇ ಕತ್ತರಿಸಿದ ಎರಡು ತುಂಡುಗಳನ್ನು ಅದೇ ವೆಲ್ಡರ್‌, ಅದೇ ಆಂಪಿಯರ್‌ನಲ್ಲಿ, ಅದೇ ದಿನ ಕೂಡಿಸಿ ಕೊಡಲಿ. ಆ ತುಂಡಿನ ಒಂದು ಭಾಗ ಎ262 ಪರೀಕ್ಷೆಗೆ ಹೋಗಲಿ, ಇನ್ನೊಂದು ಭಾಗದ ಮೇಲೆ ಟ್ಯಾಂಕಿನ ನಂಬರ್‌ ಪಂಚ್‌ ಮಾಡಿಸಿ ನಿಮ್ಮ ಸ್ಟೋರಿನಲ್ಲಿಡಿ. ನಾಲ್ಕು ವರ್ಷದ ನಂತರ ಟ್ಯಾಂಕು ಜಿನುಗಿ ಜಗಳ ಶುರುವಾದಾಗ ಪ್ರಯೋಗಾಲಯಕ್ಕೆ ಕೊಡಬೇಕಾದ್ದು ಅದನ್ನೇ.

ಇತಿ,
ಲೋಹ ಪರೀಕ್ಷೆ ಮತ್ತು ವೆಲ್ಡಿಂಗ್‌ ತಪಾಸಣೆಯಲ್ಲಿ ತೊಡಗಿರುವ ಕೆಲವರು,
ಪೀಣ್ಯ, ಬೆಂಗಳೂರು